ಹೆಜ್ಜೆ ಮೊದಲೋ, ತಾಳ ಮೊದಲೋ?

ಓದುಗರ ಪತ್ರ: ಕಳೆದ ಸಂಚಿಕೆಯ ನೃತ್ಯ ವಿಭಾಗದಲ್ಲಿ ವಿಡಿಯೋ ಗೇಮ್ ಸಂಗೀತದ ಲೇಖನ ಕಂಡು ಬೇಸರವಾಯಿತು. ಬೆರಳಾಡಿಸುವ ಆಟಕ್ಕೂ ನೃತ್ಯಕ್ಕೂ ಏನು ಸಂಬಂಧ? ಮಗ ಮಾರಿಯೊ ಎಂಬ ವಿಡಿಯೋ ಗೇಮ್ ಆಡುವಾಗ ಒಂದೇ ಟ್ಯೂನು ನೂರು ಸಲ ಕೇಳಿ ತಲೆ ಕೆಟ್ಟಿದೆ.
– ಭರತನಾಟ್ಯ ಶಿಕ್ಷಕಿ, ಮೈಸೂರು

ಸಂಪಾದಕರ ಉತ್ತರ:

ಮೇಡಂ, ಮೊದಲು ಆ ನೂರು ಸಲದ ಮಾತು. 1985ರ ಸೂಪರ್ ಮಾರಿಯೊ ಬ್ರದರ್ಸ್ ಇಡೀ ಆಟ 40 ಕಿಲೋಬೈಟ್. ಚಿತ್ರ, ಪ್ರೋಗ್ರಾಂ, ಸಂಗೀತ ಎಲ್ಲ ಅದರೊಳಗೇ ಹಿಡಿಸಬೇಕಿತ್ತು. ಈಗ ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಟ್ಯೂನು ಸುತ್ತಿ ಸುತ್ತಿ ಬರದೆ ಬೇರೆ ದಾರಿ ಇರಲಿಲ್ಲ. ನೂರನೇ ಸಲಕ್ಕೆ ನಿಮಗೆ ತಲೆ ಕೆಟ್ಟರೂ ಆಡುವವನಿಗೆ ಕೆಡುವುದಿಲ್ಲವಲ್ಲ, ಅದು ಏಕೆ? ನೃತ್ಯದ ಸಂಬಂಧ ಇರುವುದು ಅಲ್ಲೇ ಎಂದು ನಮಗೆ ತೋರುತ್ತದೆ.

ನಿಮ್ಮ ತರಗತಿಯಲ್ಲಿ ನಟ್ಟುವಾಂಗದ ತಾಳ ನಿಮ್ಮ ಕೈಯಲ್ಲಿರುತ್ತದೆ. ಹುಡುಗಿ ಒಂದು ಗಳಿಗೆ ಹಿಂದೆ ಬಿದ್ದರೆ ನೀವು ಸಂಭಾಳಿಸುತ್ತೀರಿ. ಗಾಯಕಿ ಸಾಲನ್ನು ಇನ್ನೊಮ್ಮೆ ಹಾಡುತ್ತಾಳೆ. ಗೇಮ್ ಸಂಯೋಜಕನಿಗೆ ಆ ಭಾಗ್ಯವಿಲ್ಲ. ಆಡುವವನು ಯಾವಾಗ ಓಡುತ್ತಾನೆ, ಯಾವಾಗ ಹಾರುತ್ತಾನೆ, ಯಾವ ಗುಂಡಿಗೆ ಬೀಳುತ್ತಾನೆ ಎಂದು ತಿಳಿಯದೆಯೇ ಸಂಗೀತ ಬರೆದು ಮುಗಿಸಿರಬೇಕು. ಮಾರಿಯೊ ಆಟ ತಯಾರಿಸಿದ ನಿಂಟೆಂಡೊ ಕಂಪನಿಯ ಸಂಯೋಜಕ ಕೋಜಿ ಕೊಂಡೊ ಮಾರಿಯೊಗೆ ಮೊದಲು ಬರೆದದ್ದು ಸಾವಧಾನದ ಒಂದು ಟ್ಯೂನು. ಆಟ ಬೆಳೆದು ಮಾರಿಯೊ ಓಡಿ ನೆಗೆಯತೊಡಗಿದಾಗ ಅದು ಹೊಂದಲಿಲ್ಲ. ಅದನ್ನು ಕೈಬಿಟ್ಟು, ಆ ಓಟದ ವೇಗ ನೋಡಿಕೊಂಡು ಹೊಸದು ಬರೆದರು. ನೀವು ಹಾಡು ಕೇಳಿ ಹೆಜ್ಜೆ ಕಟ್ಟುತ್ತೀರಿ, ಅವರು ಹೆಜ್ಜೆ ನೋಡಿ ಹಾಡು ಕಟ್ಟಿದರು.

ನಂಬಿಕೆ ಬಾರದಿದ್ದರೆ ಮಗನಿಗೆ ಹೇಳಿ 2-2ನೇ ಹಂತ ಹಾಕಿಸಿ. ಅದು ನೀರೊಳಗಿನದು. ಅಲ್ಲಿ ಓಟವಿಲ್ಲ; ಬಟನ್ ಒತ್ತಿದಾಗಲೆಲ್ಲ ಮಾರಿಯೊ ಸ್ವಲ್ಪ ಮೇಲೇರಿ, ಮೆಲ್ಲಗೆ ಇಳಿಯುತ್ತಾನೆ. ಕೊಂಡೊ ಅಲ್ಲಿಗೆ ಇಟ್ಟಿರುವುದು ವಾಲ್ಟ್ಜ್, ಯುರೋಪಿನ ಜೋಡಿ ನೃತ್ಯದ ಮೂರೆಣಿಕೆ. ತಕಿಟ, ತಕಿಟ ಎಂದು ತೊಡೆ ತಟ್ಟಿ ನೋಡಿ, ಸಲೀಸಾಗಿ ಕೂರುತ್ತದೆ. ನೆಲದ ಮೇಲಿನ ಹಂತಕ್ಕೆ ಬಂದರೆ ನಾಲ್ಕರ ಎಣಿಕೆ. ಹಂತ ಮುಗಿಸಲು ಉಳಿದ ಸಮಯ ತೋರಿಸುವ ಆಟದ ಗಡಿಯಾರ ನೂರಕ್ಕಿಂತ ಕೆಳಗಿಳಿದ ಕೂಡಲೇ ಅದೇ ಟ್ಯೂನು ದ್ರುತಕ್ಕೆ ಏರುತ್ತದೆ, ಮಗನ ಬೆರಳೂ ಜೊತೆಗೆ ಏರುತ್ತದೆ. 2006ರ ನ್ಯೂ ಸೂಪರ್ ಮಾರಿಯೊ ಬ್ರದರ್ಸ್‌ನಲ್ಲಂತೂ ಹಾಡಿನ ನಡುವೆ "ಬಾ ಬಾ" ಎಂಬ ದನಿ ಬಂದಾಗ ಶತ್ರುಗಳಾದ ಆಮೆಗಳೇ ನಡೆಯುವುದನ್ನು ನಿಲ್ಲಿಸಿ ಒಂದು ಕುಣಿತ ಹಾಕುತ್ತವೆ. ಕಿವಿ ಚುರುಕಿದ್ದವನು ಅದನ್ನು ಎಣಿಸಿಕೊಂಡೇ ಅವುಗಳ ತಲೆಯ ಮೇಲೆ ಹಾರುತ್ತಾನೆ. ತಾಳಜ್ಞಾನ ಎಂದರೆ ಇದೇ ತಾನೇ?

ಇದಕ್ಕೂ ಹಿಂದಿನದೊಂದಿದೆ, ಅದು ಅರ್ಧ ಆಕಸ್ಮಿಕ. 1978ರ ಸ್ಪೇಸ್ ಇನ್ವೇಡರ್ಸ್‌ನಲ್ಲಿ ಸಾಲಿಗೆ 11ರಂತೆ 55 ಅನ್ಯಗ್ರಹ ಜೀವಿಗಳು, ಹಿನ್ನೆಲೆಯಲ್ಲಿ ಇಳಿಯುವ ನಾಲ್ಕೇ ನಾಲ್ಕು ದಪ್ಪ ಸ್ವರಗಳು. ಹೊಡೆದಂತೆಲ್ಲ ಉಳಿದವು ಜೋರಾಗಿ ಚಲಿಸುತ್ತವೆ, ಏಕೆಂದರೆ ಆಟ ನಡೆಸುವ ಚಿಪ್ಪಾದ ಪ್ರೊಸೆಸರ್‌ಗೆ ಕದಲಿಸಬೇಕಾದ ಸಂಖ್ಯೆ ಕಡಿಮೆಯಾಗುತ್ತದೆ. ಆಟ ಕಟ್ಟಿದ ತೊಮೊಹಿರೊ ನಿಶಿಕಾಡೊ ಅದನ್ನು ತಿದ್ದದೆ ಹಾಗೇ ಬಿಟ್ಟರು. ಹೆಜ್ಜೆ ಚುರುಕಾದಂತೆ ಆ ನಾಲ್ಕು ಸ್ವರವೂ ಚುರುಕಾಗುತ್ತದೆ, ಆಡುವವನ ಎದೆಬಡಿತವೂ.

ಸಂಗೀತವೇ ಆಡುವವನಿಗಾಗಿ ಕಾಯುವ ಆಟವೂ ಇದೆ. ಲ್ಯೂಕಸ್‌ಆರ್ಟ್ಸ್ ಎಂಬ ಗೇಮ್ ಕಂಪನಿಯ ಮೈಕಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನೆಲ್ ಕಟ್ಟಿದ ಐಮ್ಯೂಸ್ ಎಂಬ ವ್ಯವಸ್ಥೆ 1991ರ ಮಂಕಿ ಐಲ್ಯಾಂಡ್ 2ರಲ್ಲಿ ಬಂತು. ವುಡ್‌ಟಿಕ್ ಎಂಬ ಊರಿನಲ್ಲಿ ನಾಯಕ ಒಂದೊಂದು ಬಾಗಿಲು ಹೊಕ್ಕಾಗಲೂ ಊರಿನ ಟ್ಯೂನು ಕಡಿಯದೆ ಆ ಮನೆಯ ವಾದ್ಯಕ್ಕೆ ತಿರುಗುತ್ತದೆ, ಹೊರಬಂದಾಗ ಒಂದು ಸಣ್ಣ ಮುಕ್ತಾಯ ಹಾಕಿ ಮರಳುತ್ತದೆ. ವೇಷಧಾರಿಯ ಕುಣಿತ ಮುಗಿಯುವ ತನಕ ಪದ ಎಳೆಯುವ ಯಕ್ಷಗಾನದ ಭಾಗವತರ ಕೆಲಸವೇ ಅದು, ಮಾಡುತ್ತಿರುವುದು ಕಂಪ್ಯೂಟರು ಅಷ್ಟೆ.

ಈಗ ನಿಮ್ಮ ಪಕ್ಷದ ಮಾತು. ಕೊನಾಮಿ ಕಂಪನಿ 1998ರಲ್ಲಿ ಜಪಾನಿನ ಆರ್ಕೇಡುಗಳಿಗೆ (ದುಡ್ಡು ಹಾಕಿ ಆಡುವ ಗೇಮ್ ಯಂತ್ರಗಳ ಅಂಗಡಿಗಳಿಗೆ) ತಂದ ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಶನ್ ಹೆಸರಿನಲ್ಲೇ ಎರಡೆರಡು ಸಲ ನೃತ್ಯ ಇದೆ. ಕಾಲಿನಿಂದಲೇ ಆಡಬೇಕು. ನಾಲ್ಕು ದಿಕ್ಕಿನ ಬಾಣಗಳು ಪರದೆಯ ಕೆಳಗಿನಿಂದ ಏರಿ ಬರುತ್ತವೆ, ಮೇಲಿನ ತುದಿ ಮುಟ್ಟಿದ ಕ್ಷಣಕ್ಕೆ ಕಾಲಡಿಯಲ್ಲಿರುವ ಅದೇ ದಿಕ್ಕಿನ ಪಟ್ಟಿ ತುಳಿಯಬೇಕು. "ಪರ್ಫೆಕ್ಟ್" ಬಂದರೆ ಗೆದ್ದಿರಿ. ಆದರೆ ಯಂತ್ರಕ್ಕೆ ಗೊತ್ತಾಗುವುದು ಪಾದ ಮಾತ್ರ. ಕೈ, ಕಣ್ಣು, ಕತ್ತು ಅದರ ಲೆಕ್ಕಕ್ಕಿಲ್ಲ. ಅಂಕ ಬೇಕಾದವರು ಬೆನ್ನ ಹಿಂದೆ ಯಂತ್ರಕ್ಕಿರುವ ಕಂಬಿ ಹಿಡಿದು ಬರೀ ಕಾಲು ಬಡಿಯುತ್ತಾರೆ. ಅಂಕದ ಹಂಗು ಬಿಟ್ಟವರು ಪರದೆಗೆ ಬೆನ್ನು ತಿರುಗಿಸಿ, ಕೈ ಸೇರಿಸಿ, ನೆರೆದವರ ಕಡೆ ಮುಖಮಾಡಿ ಕುಣಿಯುತ್ತಾರೆ. ಎರಡನೆಯವರನ್ನು ನೀವು ನರ್ತಕರೆಂದು ಒಪ್ಪಬಹುದು. ಮೊದಲನೆಯವರನ್ನು ನಾವೂ ಒಪ್ಪುವುದಿಲ್ಲ. ಕಂಬಿ ಹಿಡಿದವರ ಕಥೆಯನ್ನು ಕ್ರೀಡಾ ಪುಟಕ್ಕೆ ಕಳಿಸಿ ಎಂದು ನೀವು ಬರೆದಿದ್ದರೆ ತಕರಾರಿರಲಿಲ್ಲ. ಮಾರಿಯೊ ಮಾತ್ರ ನೃತ್ಯ ವಿಭಾಗದಲ್ಲೇ ಇರುತ್ತಾನೆ.