ಹಳೆಯ ಪ್ರೊಪೆಲ್ಲರ್ ವಿಮಾನಗಳ ಡೈಕಾಸ್ಟ್ (ಅಚ್ಚಿನಲ್ಲಿ ಎರಕ ಹೊಯ್ದ ಲೋಹದ) ಮಾಡೆಲ್ ಕೂಡಿಡಬೇಕು, ಕಲಬುರಗಿಯಲ್ಲಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಶರಣು. ಯಾವ ಸ್ಕೇಲ್ (ನಿಜ ವಿಮಾನಕ್ಕಿಂತ ಎಷ್ಟು ಪಟ್ಟು ಚಿಕ್ಕದು ಅನ್ನುವ ಲೆಕ್ಕ) ತಗೋಬೇಕು, ಯಾವ ಕಂಪನಿಯದು ಒಳ್ಳೇದು, ನಮ್ಮ ಬಿಸಿಲಿಗೆ ಇವು ತಾಳುತ್ತವಾ ಅಂತ ಕೇಳಿದ್ದೀರಿ. ನಾನು ಬೀದರ್‌ನವನು. ಏರ್‌ಫೋರ್ಸ್ ಸ್ಟೇಷನ್ ಇರುವ ಊರು, ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ ತಂಡದ ನೆಲೆ. ಇಲ್ಲಿ ಬೆಳೆದವರಿಗೆ ಜೆಟ್ ಹುಚ್ಚು ಹಿಡಿಯುವುದೇ ಜಾಸ್ತಿ. ನನಗೆ ಹಿಡಿದದ್ದು ಮಾತ್ರ ಡಕೋಟಾ, ಅಂದರೆ ಎರಡು ಪ್ರೊಪೆಲ್ಲರ್‌ನ ಹಳೆಯ ಡಗ್ಲಾಸ್ ಡಿಸಿ-3 ವಿಮಾನದ ಹುಚ್ಚು. ಹಾಗಾಗಿ ನಿಮ್ಮ ಪ್ರಶ್ನೆ ನೋಡಿ ಬಹಳ ಖುಷಿಯಾಯಿತು.

ಸ್ಕೇಲ್‌ಗಿಂತ ಮೊದಲು ಒಂದು ಮಾತು. ಮಾಡೆಲ್ ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬೇಡಿ, ವಿಮಾನದ ಮೇಲೆ ಬರೆದಿರುವ ನೋಂದಣಿ ಅಕ್ಷರ ಓದಿ. ನಮ್ಮ ದೇಶದ ನಾಗರಿಕ ವಿಮಾನಗಳಿಗೆ ವಿಟಿ ಎಂದು ಶುರುವಾಗುವ ಐದು ಅಕ್ಷರ ಇರುತ್ತವೆ. ಆ ಅಕ್ಷರ ಇದ್ದರೆ ನಿಮ್ಮ ಕೈಯಲ್ಲಿರುವುದು ಯಾವುದೋ ಒಂದು ವಿಮಾನವಲ್ಲ, ಅದೇ ವಿಮಾನ. ವಿಟಿ-ಸಿಕ್ಯೂಪಿ ಅಂದರೆ ಏರ್ ಇಂಡಿಯಾದ ಕಾನ್‌ಸ್ಟಲೇಷನ್ (ಲಾಕ್‌ಹೀಡ್ ಕಂಪನಿಯ ನಾಲ್ಕು ಎಂಜಿನ್‌ನ ಪ್ರಯಾಣಿಕ ವಿಮಾನ) 'ಮಲಬಾರ್ ಪ್ರಿನ್ಸೆಸ್'. 1948ರ ಜೂನ್ 8ರಂದು ಬಾಂಬೆಯಿಂದ ಕೈರೋ, ಜಿನೀವಾ ಮೇಲೆ ಲಂಡನ್‌ಗೆ ಹೊರಟ ಮೊದಲ ಸರ್ವಿಸ್ ಹಾರಿಸಿದ್ದು ಮಲಬಾರ್ ಪ್ರಿನ್ಸೆಸ್. 1950ರ ನವೆಂಬರ್ 3ರಂದು ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಶಿಖರಕ್ಕೆ ಬಡಿದು 48 ಜನರನ್ನು ಕಳೆದುಕೊಂಡದ್ದೂ ಅದೇ. ವಿಟಿ-ಡಿಇಪಿ ಅಂದರೆ 'ಕಾಶ್ಮೀರ್ ಪ್ರಿನ್ಸೆಸ್', 1955ರ ಏಪ್ರಿಲ್‌ನಲ್ಲಿ ಬಾಂಬ್ ಸಿಡಿದು ಸಮುದ್ರಕ್ಕೆ ಬಿದ್ದದ್ದು. ಇದು ಗೊತ್ತಿದ್ದು ಮಾಡೆಲ್ ನೋಡುವುದಕ್ಕೂ, ಸುಮ್ನೆ ಬೆಳ್ಳಿ ಬಣ್ಣದ ವಿಮಾನ ನೋಡುವುದಕ್ಕೂ ಬಹಳ ವ್ಯತ್ಯಾಸ ಇದೆ.

ಮೊದಲ ಮಾಡೆಲ್ ಡಕೋಟಾ ಇರಲಿ ಅಂತ ನನ್ನ ಸಲಹೆ. ಡಗ್ಲಾಸ್ ಡಿಸಿ-3 ಮೊದಲು ಹಾರಿದ್ದು 1935ರ ಡಿಸೆಂಬರ್ 17ರಂದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅದರ ಸೈನಿಕ ರೂಪ ಸಿ-47 ಸಾವಿರಗಟ್ಟಲೆ ತಯಾರಾಯಿತು. ಯುದ್ಧ ಮುಗಿದ ಮೇಲೆ ಅವು ಅಗ್ಗಕ್ಕೆ ಬಿಕರಿಯಾದವು, ಭಾರತದಲ್ಲಿ ಒಂದರ ಹಿಂದೊಂದು ವಿಮಾನ ಕಂಪನಿ ಹುಟ್ಟಿದ್ದೇ ಆಗ. ನಮ್ಮ ಭಾಗಕ್ಕೂ ಇದರ ನಂಟಿದೆ. ಕಲಬುರಗಿ, ಬೀದರ್ ಎಲ್ಲ 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು ಅಲ್ವಾ? ನಿಜಾಮ ಸರ್ಕಾರ ಮತ್ತು ಟಾಟಾ ಸೇರಿ ಕಟ್ಟಿದ ಡೆಕ್ಕನ್ ಏರ್‌ವೇಸ್ ಹೈದರಾಬಾದಿನ ಬೇಗಂಪೇಟೆ ವಿಮಾನ ನಿಲ್ದಾಣದಿಂದ ಹಾರಿಸುತ್ತಿದ್ದದ್ದು ಈ ಡಕೋಟಾಗಳನ್ನೇ. 1953ರಲ್ಲಿ ರಾಷ್ಟ್ರೀಕರಣವಾದಾಗ ಆ ಕಂಪನಿ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಸೇರಿಹೋಯಿತು. ಡೆಕ್ಕನ್ ಏರ್‌ವೇಸ್ ಬಣ್ಣದ ಡೈಕಾಸ್ಟ್ ಇದುವರೆಗೂ ನನ್ನ ಕಣ್ಣಿಗೆ ಬಿದ್ದಿಲ್ಲ. ಎಲ್ಲಾದರೂ ಕಂಡರೆ ದಯವಿಟ್ಟು ತಿಳಿಸಿ, ನಾನು ಬೆಲೆ ಕೇಳದೆ ತಗೊಳ್ಳುವ ಮಾಡೆಲ್ ಅದೊಂದೇ.

ಡಕೋಟಾ ಕೈಗೆ ಬಂದಾಗ ಬಾಗಿಲು ನೋಡಿ. ಎಡಬದಿಯಲ್ಲಿ, ರೆಕ್ಕೆಯ ಹಿಂದೆ. ಸಿ-47 ಆದರೆ ಅಲ್ಲಿ ಎರಡು ಹಲಗೆಯ ದೊಡ್ಡ ಕಾರ್ಗೋ ಬಾಗಿಲು, ಜೀಪ್ ಏರಿಸುವಷ್ಟು ಅಗಲ. ಯುದ್ಧಕ್ಕೆ ಮುಂಚಿನ ಪ್ರಯಾಣಿಕ ಡಿಸಿ-3 ಆದರೆ ಸಣ್ಣ ಬಾಗಿಲು, ಕೆಲವು ಅಮೆರಿಕನ್ ವಿಮಾನಗಳಲ್ಲಿ ಅದು ಎಡಕ್ಕಲ್ಲ, ಬಲಬದಿಗೆ ಇರುತ್ತಿತ್ತು. ಆಮೇಲೆ ಎಂಜಿನ್ ಮುಖ ನೋಡಿ. ಸಿ-47ರಲ್ಲಿ ಪ್ರಾಟ್ ಅಂಡ್ ವಿಟ್ನಿಯ 14 ಸಿಲಿಂಡರ್ ಎಂಜಿನ್, ಏಳೇಳರ ಎರಡು ಸಾಲು. ಮೊದಮೊದಲ ಡಿಸಿ-3ಗಳಲ್ಲಿ ರೈಟ್ ಕಂಪನಿಯ 9 ಸಿಲಿಂಡರ್‌ನದು, ಒಂದೇ ಸಾಲು. ಒಳ್ಳೆ ಮಾಡೆಲ್‌ನಲ್ಲಿ ಮುಂದಿನ ಸಾಲಿನ ಸಂದುಗಳಲ್ಲಿ ಹಿಂದಿನ ಸಾಲು ಇಣುಕುತ್ತದೆ. ಟಾರ್ಚ್ ಹಿಡಿದು ನೋಡಿ. ಕೊನೆಗೆ ಚಕ್ರ. ಡಕೋಟಾದ ಚಕ್ರ ಮಡಿಸಿದ ಮೇಲೂ ಎಂಜಿನ್ ಗೂಡಿನ ಕೆಳಗೆ ಅರ್ಧ ಹೊರಗೇ ಇರುತ್ತದೆ. ಹಾರುತ್ತಿರುವ ಭಂಗಿಯ ಮಾಡೆಲ್‌ನಲ್ಲಿ ಅದನ್ನು ಪೂರ್ತಿ ಮುಚ್ಚಿಬಿಟ್ಟಿದ್ದರೆ ಆ ಮಾಡೆಲ್ ನನಗೆ ಬೇಡ.

ಈಗ ಸ್ಕೇಲ್. ಡಕೋಟಾ ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 29 ಮೀಟರ್. 1:72ರಲ್ಲಿ ಅದು 40 ಸೆಂಟಿಮೀಟರ್, 1:144ರಲ್ಲಿ 20, 1:200ರಲ್ಲಿ ಹದಿನಾಲ್ಕೂವರೆ, 1:400ರಲ್ಲಿ ಏಳು. ಕಾನ್‌ಸ್ಟಲೇಷನ್ 37.5 ಮೀಟರ್, ಅಂದರೆ 1:72ರಲ್ಲಿ ಅರ್ಧ ಮೀಟರ್‌ಗೂ ಹೆಚ್ಚು. ನಾಲ್ಕು ವಿಮಾನ ಇಟ್ಟರೆ ಕಪಾಟು ತುಂಬಿತು. ನನ್ನ ಆಯ್ಕೆ 1:200. ಡಿಸಿ-3, ಡಗ್ಲಾಸ್‌ನದೇ ನಾಲ್ಕು ಎಂಜಿನ್‌ನ ಡಿಸಿ-6, ಕಾನ್‌ಸ್ಟಲೇಷನ್ ಪಕ್ಕಪಕ್ಕ ಇಟ್ಟಾಗ ಯಾವುದು ಎಷ್ಟು ದೊಡ್ಡದು ಅಂತ ಕಣ್ಣಿಗೇ ತಿಳಿಯುತ್ತದೆ. ಯಾವ ಸ್ಕೇಲ್ ಆದರೂ ಸರಿ, ಒಂದನ್ನೇ ಹಿಡಿಯಿರಿ. ಎರಡು ಬೆರೆಸಿದರೆ ಡಕೋಟಾ ಕಾನ್‌ಸ್ಟಲೇಷನ್‌ಗಿಂತ ದೊಡ್ಡದಾಗಿ ಕೂರುತ್ತದೆ, ಕಪಾಟಿನ ಅಂದವೇ ಕೆಡುತ್ತದೆ.

ಕಂಪನಿಗಳ ವಿಚಾರ ಚಿಕ್ಕದಾಗಿ ಹೇಳುತ್ತೇನೆ. ಕಾರ್ಗಿಯವರ ಏವಿಯೇಷನ್ ಆರ್ಕೈವ್ ಸಾಲಿನಲ್ಲಿ 1:144 ಮತ್ತು 1:72 ಇವೆ. ಹಳೆಯ ತಯಾರಿಕೆ ಸೆಕೆಂಡ್‌ಹ್ಯಾಂಡ್‌ನಲ್ಲಿ ಸಿಗುತ್ತದೆ. 1:200ಕ್ಕೆ ಹಾಬಿ ಮಾಸ್ಟರ್ ನನಗೆ ಇಷ್ಟ. ಹರ್ಪಾ, ಜೆಮಿನಿ ಜೆಟ್ಸ್ ಹೆಸರೂ ಕೇಳಿರುತ್ತೀರಿ. ಆದರೆ ಅವರ ಪಟ್ಟಿಯಲ್ಲಿ ಜೆಟ್‌ಗಳದ್ದೇ ಕಾರುಬಾರು.

ನಮ್ಮೂರಿನ ಆಟಿಕೆ ಅಂಗಡಿಗಳಲ್ಲಿ ಇವು ಸಿಗುವುದಿಲ್ಲ, ಆನ್‌ಲೈನೇ ಗತಿ. ಬೆಲೆ ನೋಡಿ ಬೆಚ್ಚಬೇಡಿ. ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿದರು. ಸುಂಕದ ಪಟ್ಟಿಯಲ್ಲಿ ಸ್ಕೇಲ್ ಮಾಡೆಲ್‌ಗಳೂ ಆಟಿಕೆಗಳ ಜೊತೆಗೇ ಬರುತ್ತವೆ. ಹೊರದೇಶದಿಂದ ನೀವೇ ತರಿಸುವುದಾದರೆ ಸುಂಕ, ಅದರ ಮೇಲಿನ ತೆರಿಗೆ, ಕೊರಿಯರ್‌ನವರ ಚಾರ್ಜು ಎಲ್ಲ ಕೂಡಿಸಿ ನೋಡಿ ಆಮೇಲೆ ಆರ್ಡರ್ ಮಾಡಿ. ಬಹಳ ಸಲ ಇಲ್ಲಿನ ಮಾಡೆಲ್ ಸಂಗ್ರಹಕಾರರೊಬ್ಬರು ಮಾರುವ ಸೆಕೆಂಡ್‌ಹ್ಯಾಂಡ್ ಪೀಸೇ ಅಗ್ಗಕ್ಕೆ ಬೀಳುತ್ತದೆ.

ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಹತ್ತಿರದಿಂದ ತೆಗೆದ ಫೋಟೋ ಕೇಳಿ. ರೆಕ್ಕೆಯ ಬುಡ, ಬಾಲ, ಹೊಟ್ಟೆ ಮೂರೂ ಕಾಣಬೇಕು. ಡೈಕಾಸ್ಟ್ ಮಾಡೆಲ್‌ಗೆ ಬಳಸುವುದು ಸತುವಿನ ಮಿಶ್ರಲೋಹ. ಅದರಲ್ಲಿ ಅಲ್ಯೂಮಿನಿಯಂ, ಒಂದಿಷ್ಟು ತಾಮ್ರ, ಮೆಗ್ನೀಸಿಯಂ ಇರುತ್ತವೆ. ತಯಾರಿಸುವಾಗ ಸೀಸ ಬೆರೆತುಹೋಗಿದ್ದರೆ ವರ್ಷಗಳ ಮೇಲೆ ಲೋಹ ಒಳಗಿಂದಲೇ ಉಬ್ಬಿ, ಬಣ್ಣದ ಮೇಲೆ ಗುಳ್ಳೆ ಎದ್ದು, ಕೂದಲೆಳೆಯಂಥ ಬಿರುಕು ಬಿಡುತ್ತದೆ. ಇದಕ್ಕೆ ಮದ್ದಿಲ್ಲ. ಅಂಥದ್ದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ. ತೇವ ಇದ್ದಷ್ಟೂ ಇದು ಬೇಗ ಹರಡುತ್ತದೆ. ಈ ವಿಷಯದಲ್ಲಿ ನಮ್ಮ ಒಣ ಹವೆ ನಮಗೆ ವರ. ಮಂಗಳೂರಿನವರಿಗಿಂತ ನಾವು ನಿಶ್ಚಿಂತೆಯಿಂದ ಇರಬಹುದು, ಮಳೆಗಾಲದಲ್ಲಿ ಕಪಾಟಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಸಾಕು.

ನಮಗೆ ಶತ್ರು ಬಿಸಿಲು ಮತ್ತು ಧೂಳು. ಮೈ ಲೋಹದ್ದಾದರೂ ಪ್ರೊಪೆಲ್ಲರ್, ಆಂಟೆನಾ, ಚಕ್ರದ ಕಾಲುಗಳು ಹೆಚ್ಚಾಗಿ ಪ್ಲಾಸ್ಟಿಕ್ಕೇ. ಕಿಟಕಿಯಿಂದ ನೇರ ಬಿಸಿಲು ಬೀಳುವ ಗೋಡೆಗೆ ಶೋಕೇಸ್ ಇಡಲೇಬೇಡಿ, ಬಿಳಿ ಬಣ್ಣ ಹಳದಿಗೆ ತಿರುಗುತ್ತದೆ. ಮೇ ತಿಂಗಳಲ್ಲಿ ಪಾರ್ಸಲ್ ಬಂದರೆ ಕಾರಿನಲ್ಲಿ ಬಿಟ್ಟು ಕೆಲಸಕ್ಕೆ ಹೋಗಬೇಡಿ. ಅಲ್ಯೂಮಿನಿಯಂ ಫ್ರೇಮ್ ಕೆಲಸ ಮಾಡುವವರಿಗೆ ಹೇಳಿ ಗಾಜಿನ ಬಾಗಿಲಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿಕೊಳ್ಳಿ, ಬೇಸಿಗೆಯ ಗಾಳಿಗೆ ಏಳುವ ಧೂಳಿನಲ್ಲಿ ಮುಕ್ಕಾಲು ಪಾಲು ಅಲ್ಲೇ ನಿಲ್ಲುತ್ತದೆ. ಒಳಗೆ ಸೇರಿದ್ದನ್ನು ಮೇಕಪ್ ಬ್ರಷ್‌ನಿಂದ ಮೂಗಿನಿಂದ ಬಾಲದ ಕಡೆಗೆ ಸವರಿ ತೆಗೆಯಿರಿ. ಬಟ್ಟೆ ಬೇಡ, ಆಂಟೆನಾ ಸಿಕ್ಕಿಕೊಂಡು ಮುರಿಯುತ್ತದೆ. ಎತ್ತುವಾಗ ರೆಕ್ಕೆ ಹಿಡಿಯದೆ ಹೊಟ್ಟೆಯ ಕೆಳಗೆ ಕೈ ಕೊಡಿ.

ಡಕೋಟಾ ಆದ ಮೇಲೆ ಯಾವುದು ಅಂತ ಕೇಳಿದರೆ, ಕಾನ್‌ಸ್ಟಲೇಷನ್. ಮೀನಿನ ಬೆನ್ನಿನಂತೆ ಬಾಗಿದ ಮೈ, ಮೂರು ಬಾಲದ ರೆಕ್ಕೆ. ಎತ್ತರವಾದ ಒಂದೇ ಬಾಲ ಇಟ್ಟಿದ್ದರೆ ಆಗಿನ ಹ್ಯಾಂಗರ್‌ಗಳಲ್ಲಿ ಹಿಡಿಸುತ್ತಿರಲಿಲ್ಲ, ಅದಕ್ಕೇ ಮೂರು ಗಿಡ್ಡ ಬಾಲ. ಆ ಬಾಗು ಮೈಯನ್ನು ಅಚ್ಚಿನಲ್ಲಿ ಸರಿಯಾಗಿ ತೆಗೆಯುವುದು ಕಷ್ಟದ ಕೆಲಸ. ಬೆನ್ನಿನ ಮೇಲೆ ಎರಡು ಹೋಳು ಸೇರುವ ಗೆರೆ ಉಗುರಿಗೆ ತಗಲುತ್ತದಾ ಅಂತ ಮಾರುವವರನ್ನು ಕೇಳಿ ನೋಡಿ. ಆಮೇಲೆ ವಾಯುಪಡೆಯ ಡಕೋಟಾ ಹುಡುಕಿ. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟ್ ಸೈನಿಕರನ್ನು ಶ್ರೀನಗರಕ್ಕೆ ಇಳಿಸಿದ್ದು ಡಕೋಟಾಗಳು. ಅದರ ನೆನಪಿಗೇ 2018ರಲ್ಲಿ ವಾಯುಪಡೆಗೆ ಉಡುಗೊರೆಯಾಗಿ ಬಂದ, ಈಗಲೂ ಹಾರುವ 'ಪರಶುರಾಮ' ಡಕೋಟಾಕ್ಕೆ ವಿಪಿ 905 ಅಂತ ನಂಬರ್ ಬರೆದಿದ್ದಾರೆ. ಆ ನಂಬರ್ ಇರುವ ಮಾಡೆಲ್ ಎಲ್ಲೇ ಕಂಡರೂ ಬಿಡಬೇಡಿ.