ಸ್ಪಿಂಡಲ್ ಓಡಿದರೆ ಡಿಆರ್‌ಒ ಅಂಕಿ ಜಿಗಿಯುತ್ತದೆ, ಏನು ಮಾಡಲಿ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದು ಸಣ್ಣ ವರ್ಕ್‌ಶಾಪ್. ಹಳೆಯ ಲೇತ್‌ಗೆ 5 ಎಚ್‌ಪಿ ಮೋಟಾರು, ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಡ್ರೈವ್) ಹಾಕಿಸಿದೆವು. ಸ್ಪಿಂಡಲ್ ಓಡಿದ ಕೂಡಲೇ ಡಿಆರ್‌ಒ (ಟೂಲ್ ಎಷ್ಟು ಸರಿಯಿತೆಂದು ತೋರಿಸುವ ಡಿಸ್‌ಪ್ಲೇ) ಅಂಕಿ ತಾನಾಗಿ ಜಿಗಿಯುತ್ತದೆ. ಜಾಬ್ ಕೆಡುತ್ತಿದೆ. ಡಿಸಿ ರಿಪ್ಪಲ್ (ಡ್ರೈವಿನ ಒಳಗಿನ ಡಿಸಿ ವೋಲ್ಟೇಜಿನ ಏರಿಳಿತ) ಜಾಸ್ತಿ ಇರಬೇಕು, ಮೋಟಾರಿಗೆ ಕೆಪಾಸಿಟರ್ ಹಾಕಿ ಅಂತ ಒಬ್ಬರು ಹೇಳಿದರು. ಹಾಕಲೇ?

ಉತ್ತರ: ಬೇಡ, ದಯವಿಟ್ಟು ಹಾಕಬೇಡಿ. ವಿಎಫ್‌ಡಿಯಿಂದ ಮೋಟಾರಿಗೆ ಹೋಗುವುದು ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಆಗುವ ಪಲ್ಸ್. ಅಲ್ಲಿ ಕೆಪಾಸಿಟರ್ ಇಟ್ಟರೆ ಪ್ರತಿ ಪಲ್ಸಿಗೂ ಭಾರಿ ಕರೆಂಟ್ ಎಳೆಯುತ್ತದೆ. ಡ್ರೈವ್ ಟ್ರಿಪ್ ಆಗುತ್ತದೆ, ಇಲ್ಲವೇ ಈ ಆನ್-ಆಫ್ ಮಾಡುವ ಒಳಗಿನ ಸ್ವಿಚ್, ಅಂದರೆ ಐಜಿಬಿಟಿ, ಸುಡುತ್ತದೆ.

ಡಿಆರ್‌ಒ ಕೆಡಿಸುತ್ತಿರುವುದೂ ಈ ಪಲ್ಸೇ ಇರಬೇಕು. ವೋಲ್ಟೇಜ್ ಥಟ್ಟನೆ ಏರಿ ಇಳಿದಾಗಲೆಲ್ಲ ಕೇಬಲ್ಲು, ಮೋಟಾರ್ ವೈಂಡಿಂಗ್‌ಗಳಿಂದ ಸ್ವಲ್ಪ ಕರೆಂಟ್ ಅರ್ಥಿಗೆ ಸೋರುತ್ತದೆ. ಅದು ವಾಪಸ್ ಡ್ರೈವಿಗೇ ಬರಬೇಕು. ನೀವು ನೇರ ದಾರಿ ಕೊಡದಿದ್ದರೆ ಲೇತ್ ಬಾಡಿ, ಡಿಆರ್‌ಒಗೆ ಅಳತೆ ಕಳಿಸುವ ಸ್ಕೇಲಿನ ಕೇಬಲ್, ಸಿಕ್ಕಿದ್ದರಲ್ಲೆಲ್ಲ ನುಗ್ಗುತ್ತದೆ. ಹೊಲದಲ್ಲಿ ಕಾಲುವೆ ತೆಗೆಯದಿದ್ದರೆ ನೀರು ಬೆಳೆಯ ಮೇಲೇ ಹರಿಯುತ್ತದಲ್ವಾ, ಹಾಗೆ.

ಖರ್ಚಿಲ್ಲದ ಒಂದು ಪರೀಕ್ಷೆ ಮೊದಲು ಮಾಡಿ. ಡ್ರೈವ್ ಆನ್ ಇಟ್ಟು, ರನ್ ಕೊಡದೆ ಡಿಆರ್‌ಒ ನೋಡಿ. ಅಂಕಿ ನಿಂತಿದ್ದು, ರನ್ ಕೊಟ್ಟೊಡನೆ ಜಿಗಿದರೆ ಸಂಶಯ ಮೋಟಾರ್ ಕೇಬಲ್ ಕಡೆಗೆ. ಆಮೇಲೆ ಡ್ರೈವಿನ ಸೆಟ್ಟಿಂಗ್‌ನಲ್ಲಿ ಕ್ಯಾರಿಯರ್ ಫ್ರೀಕ್ವೆನ್ಸಿಯನ್ನು (ಸೆಕೆಂಡಿಗೆ ಎಷ್ಟು ಪಲ್ಸ್ ಎಂಬುದನ್ನು) 8 ಕಿಲೋಹರ್ಟ್ಸ್‌ನಿಂದ 4ಕ್ಕೆ ಇಳಿಸಿ. ಮೋಟಾರು ಸ್ವಲ್ಪ ಜಾಸ್ತಿ ಕೂಗುತ್ತದೆ. ಆದರೆ ಜಿಗಿತ ಕಡಿಮೆಯಾದರೆ ಸಂಶಯ ಗಟ್ಟಿಯಾಯಿತು.

ಇನ್ನು ಕೇಬಲ್. ನನ್ನ ಮಟ್ಟಿಗೆ ಅರ್ಧ ರೋಗ ಇಲ್ಲೇ ವಾಸಿಯಾಗುತ್ತದೆ. ಪ್ಯಾನೆಲ್ ತೆರೆಯುವ ಮುನ್ನ ಮೇನ್ ಆಫ್ ಮಾಡಿ, ಕನಿಷ್ಠ ಹತ್ತು ನಿಮಿಷ ಕಾಯಿರಿ. ಡಿಸಿ ಟರ್ಮಿನಲ್‌ನಲ್ಲಿ ವೋಲ್ಟೇಜ್ ಇಳಿದಿದೆಯೇ ಎಂದು ಮೀಟರ್ ಹಿಡಿದು ನೋಡಿ. 415 ವೋಲ್ಟ್ ಸಪ್ಲೈಗೆ ಒಳಗೆ ಸುಮಾರು 587 ವೋಲ್ಟ್ ಡಿಸಿ ಕೂತಿರುತ್ತದೆ, ಹುಡುಗಾಟ ಬೇಡ.

ಮೋಟಾರಿಗೆ ಮೂರು ಫೇಸ್ ಜೊತೆ ಅರ್ಥ್ ಕೋರ್ ಇರುವ ಶೀಲ್ಡ್ ಕೇಬಲ್ ಎಳೆಯಿರಿ. ಶೀಲ್ಡನ್ನು ಎರಡೂ ತುದಿಯಲ್ಲಿ ಸುತ್ತಲೂ ಹಿಡಿಯುವ ಲೋಹದ ಕ್ಲ್ಯಾಂಪಿನಿಂದ ಬಿಗಿಯಿರಿ. ಜಡೆಯಂತೆ ಹೆಣೆದು ಒಂದು ಸ್ಕ್ರೂಗೆ ಸುತ್ತುವ ರೂಢಿ ನಮ್ಮಲ್ಲಿದೆ. ಅಷ್ಟು ವೇಗದ ಕರೆಂಟಿಗೆ ಆ ಉದ್ದ ಬಾಲವೇ ತಡೆ. ಕ್ಲ್ಯಾಂಪ್ ಕೂರುವ ಕಡೆ ಪ್ಲೇಟಿನ ಪೇಂಟ್ ಕೆರೆಯಿರಿ. ಪೇಂಟಿನ ಮೇಲೆ ಎಷ್ಟು ಬಿಗಿದರೂ ಸುಮ್ನೆ. ಲೇತ್ ಬಾಡಿಯನ್ನೂ ಡ್ರೈವಿನ ಅರ್ಥ್ ಟರ್ಮಿನಲ್‌ಗೆ ಗಿಡ್ಡ, ದಪ್ಪ ವೈರಿನಿಂದ ಜೋಡಿಸಿ. ಸ್ಕೇಲಿನ ಕೇಬಲ್ ಮೋಟಾರ್ ಕೇಬಲ್‌ನಿಂದ ಒಂದಡಿಯಾದರೂ ದೂರ ಇರಲಿ. ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಲಿ.

ಇಷ್ಟಕ್ಕೂ ನಿಲ್ಲದಿದ್ದರೆ ಡ್ರೈವಿನ ಇನ್‌ಪುಟ್‌ಗೆ ಇಂಥ ವಿದ್ಯುತ್ ಗದ್ದಲ ತಡೆಯುವ ಇಎಂಸಿ ಫಿಲ್ಟರ್ ಹಾಕಿಸಿ. ಅದು ಅರ್ಥಿಗೆ ಕರೆಂಟ್ ಬಿಡುವುದರಿಂದ 30 ಮಿಲಿಆಂಪ್ ಆರ್‌ಸಿಸಿಬಿ (ಅರ್ಥ್ ಸೋರಿಕೆ ಕಂಡರೆ ಸಪ್ಲೈ ಕಡಿಯುವ ಸ್ವಿಚ್) ಇದ್ದರೆ ಟ್ರಿಪ್ ಆಗಬಹುದು.

ರಿಪ್ಪಲ್ ಬೇರೆ ಮಾತು. ಮೂರು ಫೇಸ್ ಸರಿ ಇದ್ದರೆ ಡಿಸಿಯಲ್ಲಿ 300 ಹರ್ಟ್ಸ್‌ನ ಸಣ್ಣ ಅಲೆ ಇರುತ್ತದೆ. ಡಿಆರ್‌ಒ ಜಿಗಿಯಲು ಅದು ಕಾರಣವಲ್ಲ. ಒಂದು ಫೇಸ್ ಹೋದರೆ ಮಾತ್ರ ಅದು 100 ಹರ್ಟ್ಸ್‌ನ ದೊಡ್ಡ ಅಲೆಯಾಗಿ, ಡ್ರೈವಿನ ಒಳಗಿನ ಕೆಪಾಸಿಟರ್ ಬಿಸಿಯಾಗುತ್ತದೆ. ಲೋಡ್ ಇರುವಾಗ ಮೂರೂ ಫೇಸಿನ ವೋಲ್ಟೇಜ್ ಅಳೆಯಿಸಿ. ಇನ್‌ಪುಟ್‌ಗೆ 3 ಪರ್ಸೆಂಟ್ ಲೈನ್ ಚೋಕ್ (ಕರೆಂಟಿನ ಜಿಗಿತ ತಗ್ಗಿಸುವ ಸುರುಳಿ) ಹಾಕಿದರೆ ಆ ಕೆಪಾಸಿಟರ್ ಜಾಸ್ತಿ ದಿನ ಬಾಳುತ್ತದೆ.