ಎಕ್ಸ್‌ಚೇಂಜಿಗೆ ಮೊದಲು ಎಸಿ, ಕ್ಲಚ್ ಸರಿಮಾಡಿಸಬೇಕೇ?

ಪ್ರಶ್ನೆ: ನಮ್ಮದು 2014ರ ಪೆಟ್ರೋಲ್ ಸಣ್ಣ ಕಾರು. ಕೆಎ 20 ನಂಬರ್, 82,000 ಕಿ.ಮೀ. ಓಡಿದೆ, ಮೊದಲಿನಿಂದಲೂ ನನ್ನ ಹೆಸರಿನಲ್ಲೇ ಉಂಟು. ಅಮ್ಮನನ್ನು ವಾರಕ್ಕೆ ಎರಡು ಸಲ ಮಣಿಪಾಲಕ್ಕೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಹಾಗಾಗಿ ಇದನ್ನು ಶೋರೂಮಿಗೆ ಎಕ್ಸ್‌ಚೇಂಜಿಗೆ ಕೊಟ್ಟು ಹೊಸತು ತೆಗೆದುಕೊಳ್ಳುವ ಅಂತ ನಿಶ್ಚಯಿಸಿದ್ದೇವೆ. ಈಗಿನ ಗಾಡಿಯಲ್ಲಿ ಮೂರು ತೊಂದರೆ. ಎಸಿಯಲ್ಲಿ ಗಾಳಿ ಬರುತ್ತದೆ, ತಣ್ಣಗಾಗುವುದಿಲ್ಲ. ಏರಿನಲ್ಲಿ ಇಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ. ಮೀಟರಿನಲ್ಲಿ ಇಂಜಿನ್ನಿನ ಹಳದಿ ದೀಪ ಒಂದು ತಿಂಗಳಿನಿಂದ ಆರಿಲ್ಲ. ನಮ್ಮ ಗ್ಯಾರೇಜಿನವರು ಕೂಲಿಂಗ್ ಕಾಯಿಲ್‌ಗೆ 16,000, ಕ್ಲಚ್ಚಿಗೆ 14,000, ದೀಪಕ್ಕೆ ‘ಸೆನ್ಸರ್ ಇರಬಹುದು’ ಅಂತ 8,000, ಒಟ್ಟು 38,000 ರೂಪಾಯಿ ಹೇಳಿದ್ದಾರೆ. ಶೋರೂಮಿನವರು ಹೀಗೇ ಕೊಟ್ಟರೆ 1,35,000, ಎಲ್ಲ ಸರಿಮಾಡಿಸಿ ತಂದರೆ 1,55,000 ಎನ್ನುತ್ತಾರೆ. ಬೆಂಗಳೂರಿನಲ್ಲಿರುವ ಮಗ ‘ಸ್ಕ್ಯಾನರ್ ಹಾಕಿಸಿ ದೀಪ ಆರಿಸಿ ಕೊಟ್ಟುಬಿಡಿ’ ಅಂತಾನೆ. ನನಗೆ ಅದು ಸರಿ ಕಾಣುವುದಿಲ್ಲ. ಎಂತ ಮಾಡಲಿ?
— ನಿವೃತ್ತ ಶಿಕ್ಷಕಿ, ಬ್ರಹ್ಮಾವರ

ಉತ್ತರ: ಟೀಚರೇ, ಬೆಲೆ ಹೆಚ್ಚಾಗಲಿ ಅಂತ ಮಾಡಿಸುವುದಾದರೆ ಮಾಡಿಸಲೇಬೇಡಿ. 38,000 ಕೊಟ್ಟು 20,000 ಪಡೆಯುವ ಲೆಕ್ಕ ಇದು. ಅದರಲ್ಲೂ 38,000 ಇವತ್ತೇ ನಿಮ್ಮ ಕೈಬಿಡುವ ದುಡ್ಡು, 20,000 ಇನ್ನೂ ಬಾಯಿಮಾತು. ರಿಪೇರಿ ಮುಗಿಸಿ ಗಾಡಿ ಒಯ್ದ ದಿನ ‘ಟಯರ್ ಸವೆದಿದೆ, ಸಸ್ಪೆನ್ಷನ್ ಸದ್ದು ಮಾಡುತ್ತದೆ’ ಅಂತ ಬೇರೆ ಕಾರಣ ಸಿಗಬಹುದು. ಹನ್ನೆರಡು ವರ್ಷ ಗ್ಯಾರೇಜಿನಲ್ಲಿ ಕೆಲಸ ಮಾಡಿದ ಮೇಲೆ ಒಂಬತ್ತು ವರ್ಷ ನಾನು ಮಂಗಳೂರಿನ ಒಂದು ಶೋರೂಮಿನಲ್ಲಿ ಎಕ್ಸ್‌ಚೇಂಜಿಗೆ ಬರುವ ಹಳೆ ಗಾಡಿಗಳಿಗೆ ಬೆಲೆ ಕಟ್ಟುತ್ತಿದ್ದೆ. ಅಲ್ಲಿ ಲೆಕ್ಕ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ, ಕೇಳಿ.

ನಿಮ್ಮ ಗಾಡಿಯ ಕ್ಲಚ್ ಬದಲಿಸಲು ನಿಮಗೆ 14,000 ಆಗುತ್ತದೆ. ಶೋರೂಮಿನವರಿಗೆ ಅಷ್ಟಾಗುವುದಿಲ್ಲ. ವರ್ಕ್‌ಶಾಪ್ ಅವರದ್ದೇ, ಮೆಕ್ಯಾನಿಕ್‌ಗೆ ಸಂಬಳ ಹೇಗೂ ಕೊಡುತ್ತಾರೆ, ಬಿಡಿಭಾಗ ರಿಯಾಯಿತಿ ದರದಲ್ಲಿ ಬರುತ್ತದೆ. ಎಷ್ಟೋ ಸಲ ರಿಪೇರಿಯನ್ನೇ ಮಾಡದೆ, ಇದ್ದ ಹಾಗೆಯೇ ಬ್ರೋಕರಿಗೆ ದಾಟಿಸುತ್ತಾರೆ. ಆದ್ದರಿಂದ ನೀವು ಮಾರುಕಟ್ಟೆ ದರದಲ್ಲಿ ಮಾಡಿಸಿದ ಕೆಲಸಕ್ಕೆ ಅವರು ತಮ್ಮ ಖರ್ಚಿನ ದರದಲ್ಲೇ ಬೆಲೆ ಕೊಡುವುದು.

ಆದರೆ ಒಂದು ವಿಷಯದಲ್ಲಿ ಖರ್ಚು ಮಾಡಿ ಅಂತ ನಾನು ಒತ್ತಾಯ ಮಾಡುತ್ತೇನೆ. ಆ ಹಳದಿ ದೀಪ ಯಾಕೆ ಉರಿಯುತ್ತಿದೆ ಅಂತ ಮೊದಲು ತಿಳಿದುಕೊಳ್ಳಿ. ಬೆಲೆ ಕಟ್ಟುವವನಿಗೆ ಗೊತ್ತಿರುವ ದೋಷಕ್ಕಿಂತ ಗೊತ್ತಿಲ್ಲದ ದೋಷದ ಹೆದರಿಕೆ ಹೆಚ್ಚು. ದೀಪ ಕಂಡರೆ ನಾನು ಯಾವತ್ತೂ ಅತಿ ದೊಡ್ಡ ಖರ್ಚನ್ನೇ ಮನಸ್ಸಿನಲ್ಲಿಟ್ಟುಕೊಂಡು ಬೆಲೆ ಇಳಿಸುತ್ತಿದ್ದೆ, ಯಾಕೆಂದರೆ ತಪ್ಪಾದರೆ ಮಾಲೀಕರು ನನ್ನನ್ನು ಕೇಳುತ್ತಿದ್ದರು. ಅದೇ ದೀಪ ಒಂದು ಇಗ್ನಿಷನ್ ಕಾಯಿಲ್‌ನಿಂದ ಉರಿಯುತ್ತಿರಬಹುದು, ಆಕ್ಸಿಜನ್ ಸೆನ್ಸರ್‌ನಿಂದ ಇರಬಹುದು, ಬರೀ ವೈರಿನ ಕನೆಕ್ಟರಿಗೆ ಕಿಲುಬು ಹಿಡಿದೂ ಇರಬಹುದು. ನಮ್ಮ ಉಪ್ಪುಗಾಳಿ, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರುವ ಮಳೆ, ಇವೆರಡರ ನಡುವೆ ಆ ಕನೆಕ್ಟರ್‌ಗಳ ಹಸಿರು ಕಿಲುಬನ್ನು ನಾನು ಎಷ್ಟು ಸಲ ಉಜ್ಜಿ ತೆಗೆದಿದ್ದೇನೋ! ನಿಮ್ಮ ಗ್ಯಾರೇಜಿನವರು ‘ಇರಬಹುದು’ ಎಂದಿದ್ದಾರೆ. ‘ಇರಬಹುದು’ ಎಂಬ ಮಾತಿಗೆ 8,000 ಕೊಡಬೇಡಿ. ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷ ಓದುವ ಸ್ಕ್ಯಾನರ್ ಹಾಕಿಸಿ, ಯಾವ ಕೋಡ್ (ದೋಷದ ಸಂಖ್ಯೆ) ಬಂತು, ಅದಕ್ಕೆ ಎಂತ ಕೆಲಸ ಬೇಕು ಅಂತ ಕಾಗದದಲ್ಲಿ ಬರೆಸಿಕೊಳ್ಳಿ. ಸಣ್ಣ ಕೆಲಸವಾದರೆ ಇದೊಂದನ್ನು ಮಾಡಿಸಿ. ದೊಡ್ಡದಾದರೆ ಕಾಗದವನ್ನೇ ಶೋರೂಮಿನವರ ಕೈಗೆ ಕೊಡಿ. ದೀಪ ಸುಮ್ಮನೆ ಉರಿಯುವ ಬದಲು ಮಿನುಗತೊಡಗಿದರೆ ಮಾತ್ರ ಗಾಡಿ ಓಡಿಸಬೇಡಿ. ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ, ಅದರಿಂದ ಸೈಲೆನ್ಸರ್ ಸಾಲಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾದರೆ ಖರ್ಚು ಬಹಳ ದೊಡ್ಡದು.

ಮಗ ಹೇಳಿದ್ದರ ಬಗ್ಗೆ. ನಿಮ್ಮ ಮನಸ್ಸು ಹೇಳಿದ್ದೇ ಸರಿ, ಟೀಚರೇ. ದೀಪ ಆರಿಸಿದರೆ ಬೆಲೆ ಕಟ್ಟುವವನ ಸ್ಕ್ಯಾನರಿನಲ್ಲಿ ಕೋಡ್ ಅಳಿಸಿದ ಮೇಲೆ ಗಾಡಿ ಎಷ್ಟು ಕಿಲೋಮೀಟರ್ ಓಡಿದೆ ಎಂಬುದು ಕಾಣಬಹುದು. ‘ನಿನ್ನೆ ಅಳಿಸಿದ್ದಾರೆ’ ಅಂತ ಗೊತ್ತಾದ ಕ್ಷಣದಿಂದ ನಿಮ್ಮ ಬೇರೆ ಯಾವ ಮಾತನ್ನೂ ಅವನು ನಂಬುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಆ ಗಾಡಿ ಕೊನೆಗೆ ಹೋಗುವುದು ಇನ್ನೊಂದು ಮನೆಗೆ. ಮೊದಲ ಸಲ ಕಾರು ತೆಗೆಯುವ ಯಾರೋ ಒಬ್ಬರು ಸಾಲ ಮಾಡಿ ಕೊಳ್ಳುತ್ತಾರೆ. ಅವರಿಗೆ ಸುಳ್ಳು ಹೇಳಿದ ಹಾಗೆ ಆಗಬಾರದು.

ಇನ್ನು ಕ್ಲಚ್. ಇಲ್ಲಿ ನಾನು ಬೆಲೆಯ ಮಾತು ಬಿಡುತ್ತೇನೆ. ನೀವು ಬರೆದ ಲಕ್ಷಣ ಕ್ಲಚ್ ಪ್ಲೇಟ್ ಸವೆದು ಜಾರುತ್ತಿರುವುದು. ಹೊಸ ಗಾಡಿಯ ಡೆಲಿವರಿ ಯಾವಾಗ? ಹತ್ತು-ಹದಿನೈದು ದಿನದಲ್ಲಿ ಸಿಗುವುದಾದರೆ ಹಾಗೇ ಬಿಡಿ, ಅಮ್ಮನನ್ನು ಅಷ್ಟು ದಿನ ರಿಕ್ಷಾದಲ್ಲೋ ಟ್ಯಾಕ್ಸಿಯಲ್ಲೋ ಕರೆದುಕೊಂಡು ಹೋಗಿ. ಎರಡು-ಮೂರು ತಿಂಗಳು ಕಾಯಬೇಕು ಅಂದರೆ ಕ್ಲಚ್ ಹಾಕಿಸಲೇಬೇಕು. ಜಾರುವ ಕ್ಲಚ್ಚಿನ ಗಾಡಿ ಇಂದ್ರಾಳಿ ದಾಟಿ ಮಣಿಪಾಲದ ಏರಿನಲ್ಲಿ, ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿರುವಾಗ ನಿಂತುಬಿಟ್ಟರೆ, ಒಳಗೆ ಹುಷಾರಿಲ್ಲದ ಅಮ್ಮ ಇದ್ದಾರೆ. ಆಗ ಆ 14,000 ಎಕ್ಸ್‌ಚೇಂಜಿನ ಖರ್ಚಲ್ಲ, ನಿಮ್ಮ ಮೂರು ತಿಂಗಳ ಪ್ರಯಾಣದ ಖರ್ಚು. ಬ್ರೇಕಿಗೂ ಇದೇ ಮಾತು. ಬ್ರೇಕ್ ಕೆಟ್ಟ ಗಾಡಿಯನ್ನು ಶೋರೂಮಿನ ಗೇಟಿನವರೆಗೂ ಓಡಿಸಬಾರದು.

ಎಸಿಯನ್ನು ಮುಟ್ಟಲೇಬೇಡಿ. ಕೂಲಿಂಗ್ ಕಾಯಿಲ್ ಡ್ಯಾಶ್‌ಬೋರ್ಡಿನ ಒಳಗಿರುತ್ತದೆ, ಅನೇಕ ಗಾಡಿಗಳಲ್ಲಿ ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕು. ಹನ್ನೊಂದು-ಹನ್ನೆರಡು ವರ್ಷದ ಪ್ಲಾಸ್ಟಿಕ್ ಬಿಚ್ಚಿದರೆ ಕ್ಲಿಪ್ ಮುರಿಯುತ್ತದೆ, ಆಮೇಲೆ ಕಟಕಟ ಸದ್ದು. ಬರೀ ಗ್ಯಾಸ್ ತುಂಬಿಸಿ ಕೊಡುವ ಅಂತ ಯಾರಾದರೂ ಹೇಳಿದರೆ ಅದೂ ಬೇಡ, ಸೋರಿಕೆ ಇದ್ದಲ್ಲಿ ಸ್ವಲ್ಪ ದಿನಕ್ಕೇ ಖಾಲಿಯಾಗುತ್ತದೆ. ನೀವು ಗಾಡಿಯನ್ನು ನೆರೆಮನೆಯವರಿಗೋ ಸಂಬಂಧಿಕರಿಗೋ ನೇರವಾಗಿ ಮಾರುವುದಾದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಅವರ ಹತ್ತಿರ ವರ್ಕ್‌ಶಾಪ್ ಇಲ್ಲ, ಮೇ ತಿಂಗಳ ಸೆಕೆಯಲ್ಲಿ ಎಸಿ ಇಲ್ಲದ ಕಾರನ್ನು ನೋಡಿದರೆ ಅರ್ಧ ದಾರಿಯಲ್ಲೇ ವಾಪಸ್ ಹೋಗುತ್ತಾರೆ. ಅಲ್ಲಿ ರಿಪೇರಿಯ ಹಣ ಹುಟ್ಟುತ್ತದೆ.

ನನ್ನ ಮನಸ್ಸಿನಲ್ಲಿ ಇವತ್ತಿಗೂ ಉಳಿದ ಒಂದು ಗಾಡಿ ಉಂಟು. ಮಲ್ಪೆಯ ಕಡೆಯ ಒಬ್ಬರು ಎಕ್ಸ್‌ಚೇಂಜಿಗೆ ಅಂತಲೇ ಟಿಂಕರಿಂಗ್, ಪೇಂಟಿಂಗ್ ಮಾಡಿಸಿ ತಂದಿದ್ದರು. ಡೋರ್‌ಗಳ ಕೆಳಗೆ ತುಕ್ಕು ಹಿಡಿದಿತ್ತಂತೆ, ಸಮುದ್ರದ ಬದಿಯ ಮನೆಗಳಲ್ಲಿ ಸಾಮಾನ್ಯ. ನಾನು ಪೇಂಟ್ ದಪ್ಪ ಅಳೆಯುವ ಮೀಟರ್ ಇಟ್ಟರೆ ಒಂದು ಬದಿಯಿಡೀ ದಪ್ಪ ತೋರಿಸಿತು. ಆಕ್ಸಿಡೆಂಟ್ ಗಾಡಿ ಎಂದೇ ಬರೆದು ಬೆಲೆ ಇಳಿಸಿದೆ. ಅವರು ಎಷ್ಟು ಹೇಳಿದರೂ ತೋರಿಸಲು ಬಿಲ್ ಇರಲಿಲ್ಲ, ಹಳೆಯ ಫೋಟೋ ಇರಲಿಲ್ಲ. ಆಮೇಲೆ ನಮ್ಮ ವರ್ಕ್‌ಶಾಪಿನಲ್ಲಿ ಬಿಚ್ಚಿ ನೋಡಿದಾಗ ಪೆಟ್ಟು ಬಿದ್ದ ಗುರುತೇ ಇರಲಿಲ್ಲ. ಅವರಿಗೆ ಫೋನ್ ಮಾಡಿ ತಿಳಿಸೋಣ ಎಂದೆ, ಮೇಲಿನವರು ಒಪ್ಪಲಿಲ್ಲ. ಆ ಮನುಷ್ಯ ಪೇಂಟಿಂಗಿನ ದುಡ್ಡನ್ನೂ ಕಳೆದುಕೊಂಡರು, ಬೆಲೆಯನ್ನೂ ಕಳೆದುಕೊಂಡರು. ಅದಕ್ಕೇ ಹೇಳುವುದು: ಗೀರು, ಸಣ್ಣ ತುಕ್ಕು ಇದ್ದ ಹಾಗೇ ಕಾಣಲಿ. ತೊಳೆಸಿ, ಒಳಗೆ ಗುಡಿಸಿ, ಉರಿಯದ ಬಲ್ಬ್ ಇದ್ದರೆ ಹಾಕಿಸಿ, ಸರ್ವಿಸ್ ಬಿಲ್ಲುಗಳು ಮತ್ತು ಎರಡನೇ ಕೀ ಹುಡುಕಿಡಿ. ಅಷ್ಟು ಸಾಕು.

ಬಂಪರಿನ ಗೀರನ್ನು ಇನ್ಶೂರೆನ್ಸಿನಲ್ಲಿ ಸರಿಮಾಡಿಸುವ ಅಂತ ಯಾರಾದರೂ ಸಲಹೆ ಕೊಟ್ಟಾರು. ಸತತ ಐದು ವರ್ಷ ಕ್ಲೇಮ್ ಮಾಡದವರಿಗೆ ಓನ್ ಡ್ಯಾಮೇಜ್ (ಸ್ವಂತ ಗಾಡಿಯ ಹಾನಿಯ) ಪ್ರೀಮಿಯಮ್ಮಿನಲ್ಲಿ 50% ನೋ ಕ್ಲೇಮ್ ಬೋನಸ್ ಸಿಗುತ್ತದೆ. ಅದು ಗಾಡಿಯದ್ದಲ್ಲ, ನಿಮ್ಮದು. ಪತ್ರ ಬರೆಸಿಕೊಂಡು ಹೊಸ ಗಾಡಿಗೆ ಒಯ್ಯಬಹುದು. ಗೀರಿಗೋಸ್ಕರ ಅದನ್ನು ಕಳೆದುಕೊಳ್ಳಬೇಡಿ.

ಶೋರೂಮಿನಲ್ಲಿ ಕೂತಾಗ ಮೂರು ಮೊತ್ತವನ್ನು ಬೇರೆ ಬೇರೆ ಸಾಲಿನಲ್ಲಿ ಬರೆಯಲು ಹೇಳಿ: ಹಳೆ ಗಾಡಿಯ ಬೆಲೆ, ಎಕ್ಸ್‌ಚೇಂಜ್ ಬೋನಸ್, ಹೊಸ ಗಾಡಿಯ ಡಿಸ್ಕೌಂಟ್. ಬೋನಸ್ ನಿಮ್ಮ ಎಸಿ ತಣಿಯುತ್ತದೋ ಇಲ್ಲವೋ ನೋಡಿ ಕೊಡುವ ಹಣವಲ್ಲ. ಮೂರನ್ನೂ ಕಲಸಿ ಒಂದೇ ಮೊತ್ತ ಹೇಳಿದರೆ ಎಲ್ಲಿ ಕೊಟ್ಟರು, ಎಲ್ಲಿ ಕಿತ್ತುಕೊಂಡರು ಎಂಬುದು ಗೊತ್ತಾಗುವುದಿಲ್ಲ. ಮೂರು ದೋಷಕ್ಕೆ ಎಷ್ಟೆಷ್ಟು ಕಳೆದಿದ್ದಾರೆ ಎಂಬುದನ್ನೂ ಕೇಳಿ. ಇನ್ನೊಂದು ಕಡೆಯೂ ಬೆಲೆ ಕಟ್ಟಿಸಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 18%ಕ್ಕೆ ಇಳಿದಿದೆ. ಹೊಸತರ ಬೆಲೆ ಇಳಿದರೆ ಹಳೆಯದಕ್ಕೂ ಅದರ ಬಿಸಿ ತಟ್ಟುತ್ತದೆ, ಹಾಗಾಗಿ ಹಳೆಯ ಅಂದಾಜನ್ನು ನೆಚ್ಚಿಕೊಂಡು ಕೂರಬೇಡಿ.

ಗಾಡಿ ಕೊಟ್ಟ ದಿನ ತಾರೀಕು, ಗಂಟೆ ಸಹಿತ ಡೆಲಿವರಿ ನೋಟ್ ಪಡೆಯಿರಿ, ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30ರ ಪ್ರತಿ ಇಟ್ಟುಕೊಳ್ಳಿ, ಫಾಸ್ಟ್ಯಾಗ್ ಮುಚ್ಚಿಸಿ. ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೂ ಬೆನ್ನು ಬಿಡಬೇಡಿ. ದಾಖಲೆಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ನಿಮ್ಮದು 2019ರ ಏಪ್ರಿಲ್‌ಗಿಂತ ಮೊದಲಿನ ಗಾಡಿ, ಎಚ್‌ಎಸ್‌ಆರ್‌ಪಿ (ಹೈ ಸೆಕ್ಯೂರಿಟಿ ನಂಬರ್) ಪ್ಲೇಟ್ ಹಾಕಿಸಿದ್ದೀರಾ ನೋಡಿಕೊಳ್ಳಿ.

ಪ್ರಶ್ನೆ: ಕಳೆದ ಮಳೆಗಾಲದಲ್ಲಿ ಕೊಟ್ಟಾರ ಚೌಕಿಯಲ್ಲಿ ನಮ್ಮ ಕಾರಿನೊಳಗೆ ಸೀಟಿನ ಬುಡದವರೆಗೆ ನೀರು ಬಂದಿತ್ತು. ಈಗ ಸರಿಯಾಗಿ ಓಡುತ್ತದೆ. ಎಕ್ಸ್‌ಚೇಂಜಿಗೆ ಕೊಡುವಾಗ ಹೇಳಬೇಕೇ?
— ಓದುಗರು, ಮಂಗಳೂರು

ಉತ್ತರ: ಹೇಳಬೇಕು. ನೀವು ಹೇಳದಿದ್ದರೂ ಅನುಭವಸ್ಥ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ನೋಡುತ್ತಾನೆ, ಸ್ಟೆಪ್ನಿ ಇಡುವ ಗುಂಡಿಗೆ ಕೈ ಹಾಕುತ್ತಾನೆ, ಸೀಟಿನ ರೈಲಿನ ತುಕ್ಕಿಗೆ ಟಾರ್ಚ್ ಹಿಡಿಯುತ್ತಾನೆ. ಸೀಟಿನ ಅಡಿಯ ಕನೆಕ್ಟರ್‌ಗಳಲ್ಲಿ ಏರ್‌ಬ್ಯಾಗಿನ ವೈರುಗಳೂ ಇರುತ್ತವೆ. ಅವಕ್ಕೆ ನೀರು ತಾಗಿದ ವಿಷಯ ಮುಂದೆ ಓಡಿಸುವವರಿಗೆ ಗೊತ್ತಿರಲೇಬೇಕು. ಆಗ ಮಾಡಿಸಿದ ಕೆಲಸದ ಬಿಲ್ ಇದ್ದರೆ ಜೊತೆಗೆ ಕೊಡಿ. ವಾಸನೆ ಮುಚ್ಚಲು ಪರ್ಫ್ಯೂಮ್ ಇಡಬೇಡಿ, ಅದೇ ಮೊದಲ ಅನುಮಾನ ಹುಟ್ಟಿಸುತ್ತದೆ. ಕಾರ್ಪೆಟ್ ತೆಗೆಸಿ, ಅದರಡಿಯ ಸ್ಪಂಜು ಸಮೇತ ನಾಲ್ಕು ದಿನ ಬಿಸಿಲಿನಲ್ಲಿ ಒಣಗಿಸಿ ಹಾಕಿಸಿ, ಆಮೇಲೆ ಗಾಡಿ ಒಯ್ಯಿರಿ.